ಮದ್ದಿಗೂ ಒಂದು ಪರೀಕ್ಷೆ

ಮುಂದೆ ಓದುವ ಮುನ್ನ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಮನೆಯ ಕಪಾಟಿನಲ್ಲಿ ಎಂದೋ ತಂದಿಟ್ಟ ಸಿರಪ್ಪಿನ ಬಾಟಲಿಯೊಂದು ಇರಬಹುದು. ಅದನ್ನು ಕೈಗೆತ್ತಿಕೊಂಡು ಲೇಬಲ್ಲನ್ನು ಓದಿ. ಮದ್ದಿನ ಹೆಸರು, ಅದರೊಳಗೆ ಏನೇನು ಎಷ್ಟೆಷ್ಟು ಇದೆ ಎಂಬ ವಿವರ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ನಂಬರ್, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು, ಇಷ್ಟೂ ಇರುವೆ ಸಾಲಿನಂತಹ ಅಕ್ಷರಗಳಲ್ಲಿ ಅಚ್ಚಾಗಿರುತ್ತವೆ. ನಮ್ಮಲ್ಲಿ ಎಷ್ಟು ಮಂದಿ ಇದನ್ನು ಓದುತ್ತೇವೆ? ಬೆಲೆ ನೋಡುತ್ತೇವೆ, ಬಾಟಲಿ ಅಲುಗಾಡಿಸುತ್ತೇವೆ, ಅಳುವ ಮಗುವಿನ ಬಾಯಿಗೆ ಚಮಚ ಇಡುತ್ತೇವೆ. ಯಾರೋ ಎಲ್ಲೋ ಇದನ್ನು ಪರೀಕ್ಷಿಸಿಯೇ ಕಳಿಸಿರುತ್ತಾರೆ ಎಂಬುದು ನಮ್ಮ ನಂಬಿಕೆ.

ಆ 'ಯಾರೋ' ಯಾರು? ಅವರು ಪರೀಕ್ಷಿಸುವುದು ಹೇಗೆ? ಮನುಷ್ಯ ಈ ವಿದ್ಯೆಯನ್ನು ಕಲಿತದ್ದು ಯಾವಾಗ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದರೆ ಸಾವಿರ ವರ್ಷಕ್ಕೂ ಹಿಂದಿನ ಬಾಗ್ದಾದಿನಿಂದ ನಮ್ಮ ಬಳ್ಳಾರಿಯವರೆಗೆ ಬರಬೇಕಾಗುತ್ತದೆ. ಬನ್ನಿ, ಹೋಗಿ ಬರೋಣ.

'ಇಲ್ಲ' ಎಂದವರು ಪಾಸಾದರು

ಹದಿಮೂರನೆಯ ಶತಮಾನದ ಇತಿಹಾಸಕಾರ ಇಬ್ನ್ ಅಬೀ ಉಸೈಬಿಅ ವೈದ್ಯರ ಚರಿತ್ರೆಯನ್ನು ಬರೆದಿದ್ದಾರೆ. ಅದರಲ್ಲೊಂದು ಸ್ವಾರಸ್ಯದ ಪ್ರಸಂಗವಿದೆ. ಖಲೀಫ ಮಾಮೂನನ ಆಸ್ಥಾನದಲ್ಲಿ ಒಮ್ಮೆ ಮದ್ದು ಮಾರುವವರ ಮಾತು ಬಂತು. ಇವರ ದೊಡ್ಡ ದೋಷವೆಂದರೆ ಏನನ್ನೇ ಕೇಳಿದರೂ 'ಇದೆ' ಎನ್ನುತ್ತಾರೆ, 'ಇಲ್ಲ' ಎನ್ನುವುದಿಲ್ಲ ಎಂದು ಒಬ್ಬ ರಸವಾದಿ ಹೇಳಿದ. ಅದನ್ನು ಪರೀಕ್ಷಿಸಿ ನೋಡಲು ಬಾಗ್ದಾದಿನ ಸಮೀಪದ ಒಂದು ಹಳ್ಳಿಯ ಹೆಸರನ್ನೇ ಮದ್ದಿನ ಹೆಸರೆಂಬಂತೆ ಬರೆದುಕೊಟ್ಟು ಆಳುಗಳನ್ನು ಅಂಗಡಿಗಳಿಗೆ ಕಳಿಸಲಾಯಿತು. ಅಂಗಡಿಯವರೆಲ್ಲರೂ 'ಇದೆ' ಎಂದರು! ಹಣ ತೆಗೆದುಕೊಂಡು ಒಬ್ಬೊಬ್ಬರು ಒಂದೊಂದು ವಸ್ತುವನ್ನು ಕೊಟ್ಟು ಕಳಿಸಿದರು.

ಕೆಲವು ವರ್ಷಗಳ ನಂತರ, ಖಲೀಫ ಮುಅ್‌ತಸಿಮನ ಸೇನಾಪತಿ ಅಫ್ಶೀನ್ ತನ್ನ ದಂಡಿನಲ್ಲಿದ್ದ ಮದ್ದು ಮಾರಾಟಗಾರರಿಗೆ ಇದೇ ಪರೀಕ್ಷೆ ಒಡ್ಡಿದ. ತನ್ನ ನಾಡಿನ ಲೆಕ್ಕದ ಪುಸ್ತಕದಿಂದ ಮದ್ದಿಗೆ ಸಂಬಂಧವೇ ಇಲ್ಲದ ಇಪ್ಪತ್ತು ಹೆಸರುಗಳನ್ನು ಆರಿಸಿ ಕಳಿಸಿದ. ಕೆಲವರು 'ಇಂತಹ ಮದ್ದು ನಮಗೆ ಗೊತ್ತಿಲ್ಲ' ಎಂದರು. ಉಳಿದವರು ಏನನ್ನೋ ಕಟ್ಟಿಕೊಟ್ಟರು. ಗೊತ್ತಿಲ್ಲ ಎಂದವರಿಗೆ ದಂಡಿನಲ್ಲಿ ಉಳಿಯಲು ಅನುಮತಿ ಸಿಕ್ಕಿತು. ಗೊತ್ತಿದೆ ಎಂದವರನ್ನು ಹೊರಗೆ ಹಾಕಲಾಯಿತು.

ಓದುಗರೇ, ಈ ಪ್ರಸಂಗವನ್ನು ನೆನಪಿನಲ್ಲಿಡಿ. ಮದ್ದಿನ ಪರೀಕ್ಷೆಯ ಇಡೀ ಚರಿತ್ರೆಯ ಬೀಜ ಇದರಲ್ಲಿದೆ. ಸಾಬೀತಾಗುವವರೆಗೆ 'ಗೊತ್ತಿಲ್ಲ' ಎನ್ನುವ ಪ್ರಾಮಾಣಿಕತೆಯೇ ಈ ವಿದ್ಯೆಯ ಮೊದಲ ಪಾಠ.

ರಾಝಿ, ಇಬ್ನ್ ಸೀನಾ ಮತ್ತು ಪೇಟೆಯ ಮುಹ್ತಸಿಬ್

ಕ್ರಿ.ಶ. 925ರ ಸುಮಾರಿಗೆ ತೀರಿಕೊಂಡ ವೈದ್ಯ ರಾಝಿ ಮಿದುಳಿನ ಉರಿಯೂತದ ರೋಗಿಗಳಲ್ಲಿ ಒಂದು ಗುಂಪಿಗೆ ರಕ್ತ ತೆಗೆಯುವ ಚಿಕಿತ್ಸೆ ಕೊಟ್ಟು, ಇನ್ನೊಂದು ಗುಂಪಿಗೆ ಬೇಕೆಂದೇ ಕೊಡದೆ, ಎರಡನ್ನೂ ಹೋಲಿಸಿ ನೋಡಿದ್ದಾಗಿ ಬರೆದಿಟ್ಟಿದ್ದಾರೆ. ಅವರ ತೀರ್ಮಾನ ಇಂದಿನ ವೈದ್ಯಶಾಸ್ತ್ರಕ್ಕೆ ಒಪ್ಪಿಗೆಯಾಗದು. ಆದರೆ ಹೋಲಿಸಿ ನೋಡಬೇಕು ಎಂಬ ಆಲೋಚನೆ ಇಂದಿಗೂ ನಿಂತಿದೆ.

1025ರ ಹೊತ್ತಿಗೆ ಪೂರ್ಣಗೊಂಡ ಇಬ್ನ್ ಸೀನಾರ 'ಅಲ್-ಕಾನೂನ್' ಗ್ರಂಥದ ಎರಡನೆಯ ಭಾಗದಲ್ಲಿ ಮದ್ದನ್ನು ಪರೀಕ್ಷಿಸಲು ಏಳು ನಿಯಮಗಳಿವೆ. ಮದ್ದು ಬೇರೆ ಯಾವುದರ ಪ್ರಭಾವಕ್ಕೂ ಒಳಗಾಗದೆ ಶುದ್ಧವಾಗಿರಬೇಕು. ಹಲವು ರೋಗ ಕೂಡಿದ ಕಡೆ ಅಲ್ಲ, ಒಂದೇ ರೋಗ ಇರುವ ಕಡೆ ಪ್ರಯೋಗಿಸಬೇಕು. ಪರಸ್ಪರ ವಿರುದ್ಧ ಸ್ವಭಾವದ ರೋಗಗಳ ಮೇಲೆ ಅದನ್ನು ನೋಡಬೇಕು. ಮದ್ದಿನ ಬಲ ರೋಗದ ಬಲಕ್ಕೆ ತಕ್ಕಂತಿರಬೇಕು. ಪರಿಣಾಮ ಯಾವ ಹೊತ್ತಿಗೆ ಕಾಣಿಸಿತು ಎಂಬುದನ್ನು ಗಮನಿಸಬೇಕು. ಆ ಪರಿಣಾಮ ಒಮ್ಮೆಯಲ್ಲ, ಮತ್ತೆ ಮತ್ತೆ ಕಾಣಿಸಬೇಕು. ಕೊನೆಯದಾಗಿ, ಮನುಷ್ಯನ ಮದ್ದನ್ನು ಮನುಷ್ಯನ ದೇಹದಲ್ಲೇ ಪರೀಕ್ಷಿಸಬೇಕು, ಏಕೆಂದರೆ ಸಿಂಹಕ್ಕೋ ಕುದುರೆಗೋ ಕೊಟ್ಟು ನೋಡಿದರೆ ಮನುಷ್ಯನ ವಿಷಯದಲ್ಲಿ ಏನೂ ಸಾಬೀತಾಗದಿರಬಹುದು. ಸಾವಿರ ವರ್ಷಗಳ ಹಿಂದಿನ ಮಾತುಗಳಿವು!

ಇದು ವೈದ್ಯನ ಪರೀಕ್ಷೆ. ಪೇಟೆಯಲ್ಲಿ ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು. ಅಳತೆ, ತೂಕ, ಕಲಬೆರಕೆಗಳ ಮೇಲೆ ಕಣ್ಣಿಡುವ 'ಮುಹ್ತಸಿಬ್' ಎಂಬ ಅಧಿಕಾರಿ ಇದ್ದ. ಹನ್ನೆರಡನೆಯ ಶತಮಾನದಲ್ಲಿ ಶಾಮ್ ದೇಶದ ಶೈಝರಿ ಎಂಬವರು ಈ ಅಧಿಕಾರಿಗಾಗಿ ಒಂದು ಕೈಪಿಡಿ ಬರೆದರು. ಅದರಲ್ಲಿ ಮದ್ದು ಮಾರುವವರಿಗೊಂದು ಅಧ್ಯಾಯ, ಪಾನಕದ ಮದ್ದು ತಯಾರಿಸುವವರಿಗೊಂದು ಅಧ್ಯಾಯ ಇದೆ. ಅಫೀಮಿಗೆ ಗೋಂದು, ಕಾಡು ಸೊಪ್ಪಿನ ರಸ ಬೆರೆಸುವ ಮೋಸ ಹೇಗಿರುತ್ತದೆ, ನೀರಿನಲ್ಲಿ ಕದಡಿ ವಾಸನೆ ನೋಡಿ ಅದನ್ನು ಹಿಡಿಯುವುದು ಹೇಗೆ ಎಂಬ ಬಗೆಯ ಸೂಚನೆಗಳಿವೆ. ಆ ಕಾಲದ ಪ್ರಯೋಗಾಲಯವೆಂದರೆ ಮನುಷ್ಯನ ಕಣ್ಣು, ಮೂಗು ಮತ್ತು ನಾಲಿಗೆ.

ಇನ್ನೊಂದು ಸಂಗತಿ ಕೇಳಿ. ಅರಬ್ಬಿಯಲ್ಲಿ ಕುಡಿಯುವುದಕ್ಕೆ ಸಂಬಂಧಿಸಿದ 'ಶರಾಬ್' ಎಂಬ ಪದವೇ ಯುರೋಪಿಗೆ ಹೋಗಿ 'ಸಿರಪ್' ಆಯಿತು. ಅದೇ ಬೇರಿನಿಂದ ನಮ್ಮ ಕನ್ನಡಕ್ಕೆ ಬಂದದ್ದು 'ಶರಬತ್ತು'. ಮದ್ದಿಗೆ ಇಂಗ್ಲಿಷರು ಬಳಸುವ 'ಎಲಿಕ್ಸಿರ್' ಎಂಬ ಪದವೂ ಅರಬ್ಬಿಯ 'ಅಲ್-ಇಕ್ಸೀರ್'. ಈ ಒಂದು ಪದ ಮುಂದೆ ಅಮೆರಿಕದ ಚರಿತ್ರೆಯಲ್ಲಿ ವಿಚಿತ್ರ ಪಾತ್ರ ವಹಿಸಿತು.

ಸಾವಿರದಲ್ಲಿ ಒಂದನ್ನು ಹುಡುಕುವ ಕೆಲಸ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಹೊಸ ಹಾದಿ ಹಿಡಿದರು. ಒಂದು ರಾಸಾಯನಿಕವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ನೂರಾರು ವಸ್ತುಗಳನ್ನು ತಯಾರಿಸುವುದು, ಪ್ರತಿಯೊಂದಕ್ಕೂ ಸಂಖ್ಯೆ ಕೊಡುವುದು, ರೋಗ ತಗಲಿಸಿದ ಪ್ರಾಣಿಗಳ ಮೇಲೆ ಒಂದೊಂದನ್ನೂ ನೋಡುವುದು. 1909ರಲ್ಲಿ ಅವರ ಜಪಾನೀ ಸಹೋದ್ಯೋಗಿ ಸಹಾಚಿರೋ ಹಾಟಾ 606ನೆಯ ವಸ್ತು ಸಿಫಿಲಿಸ್ ರೋಗದ ಮೇಲೆ ಕೆಲಸ ಮಾಡುತ್ತದೆ ಎಂದು ಕಂಡರು. 1910ರಲ್ಲಿ ಅದು 'ಸಾಲ್ವರ್ಸಾನ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇದನ್ನೇ ಇಂದು ಸ್ಕ್ರೀನಿಂಗ್ ಎನ್ನುತ್ತಾರೆ. ನಮ್ಮ ಅಜ್ಜಿಯಂದಿರು ಅಕ್ಕಿಯನ್ನು ಮೊರದಲ್ಲಿ ಕೇರಿ ಕಲ್ಲನ್ನು ಬೇರೆ ಮಾಡುತ್ತಿದ್ದರಲ್ಲ, ಅದೇ ಕೆಲಸ. ಇಲ್ಲಿ ಕಲ್ಲುಗಳ ರಾಶಿಯಲ್ಲಿ ಒಂದು ಅಕ್ಕಿ ಕಾಳು ಹುಡುಕಬೇಕು, ಅಷ್ಟೇ ವ್ಯತ್ಯಾಸ.

ಇದೇ ಹಾದಿಯಲ್ಲಿ ಜರ್ಮನಿಯ ಗೆರ್ಹಾರ್ಡ್ ಡೊಮಾಕ್ 1932ರ ಡಿಸೆಂಬರಿನಲ್ಲಿ ರೋಗಾಣು ಚುಚ್ಚಿದ ಇಲಿಗಳಿಗೆ ಕೆಂಪು ಬಣ್ಣದ ಒಂದು ರಾಸಾಯನಿಕ ಕೊಟ್ಟರು. ಮದ್ದು ಪಡೆದ ಇಲಿಗಳು ಉಳಿದವು, ಪಡೆಯದವು ಸತ್ತವು. ಅದೇ 'ಪ್ರೊಂಟೋಸಿಲ್'. ಅದರೊಳಗೆ ನಿಜವಾಗಿ ಕೆಲಸ ಮಾಡುವುದು ಸಲ್ಫನಿಲಮೈಡ್ ಎಂಬ ಸರಳ ವಸ್ತು ಎಂದು 1935ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ತೋರಿಸಿದರು. ಆ ವಸ್ತು ಹಳೆಯದು, ಯಾರ ಹಕ್ಕೂ ಅದರ ಮೇಲೆ ಇರಲಿಲ್ಲ. ಕಂಪೆನಿಗಳು ಮುಗಿಬಿದ್ದು ಅದನ್ನು ತಯಾರಿಸತೊಡಗಿದವು. ಅನಾಹುತ ಆರಂಭವಾದದ್ದು ಇಲ್ಲಿಂದ.

1937: ಸಿಹಿಯಾದ ಸಾವು

ಮಾತ್ರೆ ನುಂಗಲಾರದ ಮಕ್ಕಳಿಗೆ ದ್ರವರೂಪದ ಸಲ್ಫನಿಲಮೈಡ್ ಬೇಕಿತ್ತು. ಆದರೆ ಅದು ನೀರಿನಲ್ಲಿ ಸುಲಭವಾಗಿ ಕರಗದು. ಅಮೆರಿಕದ ಟೆನ್ನೆಸ್ಸೀ ರಾಜ್ಯದ ಮ್ಯಾಸೆಂಗಿಲ್ ಕಂಪೆನಿಯ ರಸಾಯನಶಾಸ್ತ್ರಜ್ಞ ಅದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಕರಗಿಸಿದ. ರಾಸ್ಪ್‌ಬೆರ್ರಿ ಹಣ್ಣಿನ ರುಚಿ ಸೇರಿಸಿದ. ಕಂಪೆನಿಯವರು ರುಚಿ ನೋಡಿದರು, ಬಣ್ಣ ನೋಡಿದರು, ಪರಿಮಳ ನೋಡಿದರು. ಎಲ್ಲವೂ ಚೆನ್ನಾಗಿತ್ತು. ವಿಷವೇ ಎಂದು ಮಾತ್ರ ನೋಡಲಿಲ್ಲ. ಒಂದು ಇಲಿಗೂ ಕುಡಿಸಿ ನೋಡದೆ 240 ಗ್ಯಾಲನ್ ಮದ್ದನ್ನು ತಯಾರಿಸಿದರು.

ಕುಡಿದವರ ಮೂತ್ರಪಿಂಡ ಕೆಟ್ಟಿತು, ಮೂತ್ರ ನಿಂತಿತು. ನೂರಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಸರಕಾರದ ಇನ್ಸ್‌ಪೆಕ್ಟರುಗಳು ಊರೂರು ಅಲೆದು ಬಾಟಲಿಗಳನ್ನು ವಾಪಸು ತಂದರು. ಬಹುಪಾಲು ಮದ್ದು ಸಿಕ್ಕಿತು. ಇಷ್ಟು ಜೀವ ತೆಗೆದದ್ದು ಸಿಗದೇ ಉಳಿದ ಸುಮಾರು 6 ಗ್ಯಾಲನ್ ಮಾತ್ರ!

ಆದರೆ ಇನ್ಸ್‌ಪೆಕ್ಟರುಗಳಿಗೆ ಬಾಟಲಿ ವಶಪಡಿಸಿಕೊಳ್ಳುವ ಹಕ್ಕು ಎಲ್ಲಿಂದ ಬಂತು ಗೊತ್ತೇ? ಅಂದಿನ ಕಾನೂನಿನಲ್ಲಿ ಮದ್ದನ್ನು ಮಾರುವ ಮೊದಲು ಪರೀಕ್ಷಿಸಬೇಕೆಂದೇ ಇರಲಿಲ್ಲ. ಕಂಪೆನಿ ಲೇಬಲ್ಲಿನ ಮೇಲೆ 'ಎಲಿಕ್ಸಿರ್' ಎಂದು ಬರೆದಿತ್ತು. ಎಲಿಕ್ಸಿರ್ ಎಂದರೆ ಆಲ್ಕೋಹಾಲ್ ಇರಬೇಕು. ಇದರಲ್ಲಿ ಇರಲಿಲ್ಲ. ಹೀಗಾಗಿ 'ತಪ್ಪು ಹೆಸರು' ಎಂಬ ಒಂದೇ ಆರೋಪ ಹೊರಿಸಲು ಸಾಧ್ಯವಾಯಿತು. 'ದ್ರಾವಣ' ಎಂದು ಬರೆದಿದ್ದರೆ ಅದೂ ಆಗುತ್ತಿರಲಿಲ್ಲ. ನೂರು ಸಾವಿಗೆ ಕಾನೂನಿನಲ್ಲಿ ಹೆಸರಿರಲಿಲ್ಲ, ಲೇಬಲ್ಲಿನ ಒಂದು ಪದಕ್ಕೆ ಇತ್ತು. ಜನರ ಆಕ್ರೋಶದ ಫಲವಾಗಿ 1938ರ ಜೂನ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊಸ ಕಾಯಿದೆಗೆ ಸಹಿ ಹಾಕಿದರು. ಹೊಸ ಮದ್ದು ಸುರಕ್ಷಿತ ಎಂದು ತೋರಿಸಿದ ನಂತರವೇ ಮಾರಬೇಕು ಎಂಬ ನಿಯಮ ಬಂತು.

ಆ ವಿಷದ ದ್ರವವನ್ನು ಪ್ರಾಣಿಗಳಿಗೆ ಕೊಟ್ಟು ಸತ್ಯ ಕಂಡುಕೊಂಡ ಶಿಕಾಗೋ ವಿಶ್ವವಿದ್ಯಾನಿಲಯದ ತಂಡದಲ್ಲಿ ಒಬ್ಬ ಯುವ ವಿದ್ಯಾರ್ಥಿನಿ ಇದ್ದಳು, ಫ್ರಾನ್ಸಿಸ್ ಕೆಲ್ಸಿ. 1960ರಲ್ಲಿ ಆಕೆ ಅಮೆರಿಕದ ಔಷಧ ಇಲಾಖೆಗೆ ಸೇರಿದಾಗ ಮೊದಮೊದಲು ಮೇಜಿಗೆ ಬಂದ ಅರ್ಜಿಗಳಲ್ಲಿ ಒಂದು ಥಾಲಿಡೋಮೈಡ್ ಎಂಬ ನಿದ್ದೆಯ ಮದ್ದಿನದು. ಯುರೋಪಿನಲ್ಲಿ ಆಗಲೇ ಅದು ಮಾರಾಟವಾಗುತ್ತಿತ್ತು, ಗರ್ಭಿಣಿಯರೂ ವಾಂತಿಗೆಂದು ನುಂಗುತ್ತಿದ್ದರು. ಕಂಪೆನಿ ಮತ್ತೆ ಮತ್ತೆ ಒತ್ತಾಯಿಸಿತು. ಸಾಕಷ್ಟು ಪುರಾವೆ ಇಲ್ಲ ಎಂದು ಕೆಲ್ಸಿ ಮತ್ತೆ ಮತ್ತೆ ಕಡತ ವಾಪಸು ಕಳಿಸಿದರು. 1961ರ ಕೊನೆಗೆ ಸತ್ಯ ಹೊರಬಿತ್ತು. ಲೋಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಕೈಕಾಲು ಸರಿಯಾಗಿ ಬೆಳೆಯದೆ, ಇಲ್ಲವೇ ಬೇರೆ ಅಂಗವೈಕಲ್ಯದೊಂದಿಗೆ ಹುಟ್ಟಿದ್ದವು. ಆ ಮದ್ದಿಗೆ ಅಮೆರಿಕದಲ್ಲಿ ಮಾರಾಟದ ಅನುಮತಿ ಸಿಕ್ಕಿರಲಿಲ್ಲ. ಅಫ್ಶೀನನ ದಂಡಿನಲ್ಲಿ 'ಗೊತ್ತಿಲ್ಲ' ಎಂದ ಆ ಪ್ರಾಮಾಣಿಕ ವ್ಯಾಪಾರಿಯನ್ನು ಈಗ ನೆನಪಿಸಿಕೊಳ್ಳಿ.

ಮೂರು ಪ್ರಶ್ನೆಗಳು

ಇಷ್ಟರ ಹೊತ್ತಿಗೆ ಮದ್ದಿನ ಪರೀಕ್ಷೆಯಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ ಎಂಬುದು ಸ್ಪಷ್ಟವಾಗಿತ್ತು. ಒಂದು, ಇದು ಅಪಾಯವಿಲ್ಲದ್ದೇ? ಎರಡು, ಇದು ನಿಜವಾಗಿ ಗುಣ ಮಾಡುತ್ತದೆಯೇ? ಎರಡನೆಯ ಪ್ರಶ್ನೆಗೆ ಸರಿಯಾದ ಹಾದಿ ತೋರಿಸಿದ್ದು 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಅಧ್ಯಯನ. ಯಾವ ಕ್ಷಯರೋಗಿಗೆ ಮದ್ದು, ಯಾರಿಗೆ ಬರೀ ವಿಶ್ರಾಂತಿ ಎಂಬುದನ್ನು ವೈದ್ಯನ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸುವ ಪದ್ಧತಿಯನ್ನು ಬ್ರಾಡ್‌ಫೋರ್ಡ್ ಹಿಲ್ ರೂಪಿಸಿದ್ದರು. ಇದೇ ಪದ್ಧತಿಯಲ್ಲಿ ಮದರಾಸಿನಲ್ಲಿ ನಡೆದ ಅಧ್ಯಯನವೊಂದು 1959ರಲ್ಲಿ ಪ್ರಕಟವಾಯಿತು. ಸ್ಯಾನಟೋರಿಯಮ್ಮಿನಲ್ಲಿ ಮಲಗಿದವರಷ್ಟೇ ಚೆನ್ನಾಗಿ ಬಡವರ ಗುಡಿಸಲಿನಲ್ಲಿದ್ದ ರೋಗಿಗಳೂ ಮದ್ದಿನಿಂದ ಗುಣವಾಗುತ್ತಾರೆ ಎಂದು ಅದು ತೋರಿಸಿತು. ಲೋಕದ ಕ್ಷಯ ಚಿಕಿತ್ಸೆಯೇ ಅದರಿಂದ ಬದಲಾಯಿತು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಸರಳ: ಲೇಬಲ್ಲಿನ ಮೇಲೆ ಬರೆದದ್ದೇ ಈ ಬಾಟಲಿಯೊಳಗೆ ಇದೆಯೇ? ಮೊದಲ ಎರಡು ಪ್ರಶ್ನೆಗಳನ್ನು ಒಂದು ಮದ್ದಿಗೆ ಮುಖ್ಯವಾಗಿ ಅದು ಮಾರುಕಟ್ಟೆಗೆ ಬರುವ ಮೊದಲು ಕೇಳುತ್ತೇವೆ. ಮೂರನೆಯದನ್ನು ಪ್ರತಿ ಬ್ಯಾಚಿಗೂ ಕೇಳಬೇಕು. ನಮ್ಮ ದೇಶ ಎಡವುತ್ತಾ ಬಂದದ್ದು ಇಲ್ಲಿಯೇ.

ನಮ್ಮ ನಾಡಿನ ಕಥೆ

ನಮ್ಮಲ್ಲಿ ನಕಲಿ, ಕಳಪೆ ಮದ್ದುಗಳ ಹಾವಳಿ ಹೆಚ್ಚಿದಾಗ 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. 1931ರಲ್ಲಿ ವರದಿ ಬಂತು. ಇಂದು ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆ ಎಂದು ಕರೆಯುವ 1940ರ ಕಾಯಿದೆ ಅದರ ಫಲ. ಇನ್ಸ್‌ಪೆಕ್ಟರು ಸ್ಯಾಂಪಲ್ ತೆಗೆಯಬೇಕು, ಸರಕಾರಿ ವಿಶ್ಲೇಷಕರು ಪರೀಕ್ಷಿಸಬೇಕು ಎಂಬ ವ್ಯವಸ್ಥೆ ಬಂತು.

ಕಾನೂನು ಬಂತು, ವಿಷ ಹೋಗಲಿಲ್ಲ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಾಲ್ ಕುಡಿಸಿದ 14 ರೋಗಿಗಳು ಸತ್ತರು. ಅದರಲ್ಲಿ ಇದ್ದದ್ದು 1937ರ ಅದೇ ಡೈಎಥಿಲೀನ್ ಗ್ಲೈಕಾಲ್! ನ್ಯಾಯಮೂರ್ತಿ ಲೆಂಟಿನ್ ಆಯೋಗ ಆಸ್ಪತ್ರೆಯ ಖರೀದಿಯ ಲೋಪಗಳನ್ನೂ ಔಷಧ ನಿಯಂತ್ರಣದ ಭ್ರಷ್ಟಾಚಾರವನ್ನೂ ಬಿಚ್ಚಿಟ್ಟಿತು. 1998ರಲ್ಲಿ ದೆಹಲಿ-ಗುರುಗ್ರಾಮದ ಕಡೆ ಮಕ್ಕಳು ಸತ್ತರು. 2019-20ರ ಚಳಿಗಾಲದಲ್ಲಿ ಜಮ್ಮುವಿನ ರಾಮನಗರದಲ್ಲಿ ಸತ್ತರು. 2022ರಲ್ಲಿ ನಮ್ಮ ದೇಶದಿಂದ ಹೋದ ಸಿರಪ್ಪುಗಳಲ್ಲಿ ಈ ಜಾತಿಯ ವಿಷ ಇದ್ದುದಾಗಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಆ ವರ್ಷ ಆಫ್ರಿಕದ ಗ್ಯಾಂಬಿಯಾ ಎಂಬ ಬಡ ದೇಶದಲ್ಲಿ ಎಪ್ಪತ್ತರಷ್ಟು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತಿದ್ದರು. 2023ರ ಜೂನ್ 1ರಿಂದ, ರಫ್ತಾಗುವ ಕೆಮ್ಮಿನ ಸಿರಪ್ಪನ್ನು ಸರಕಾರಿ ಅಥವಾ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಕಡ್ಡಾಯವಾಯಿತು. ಆದರೆ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮತ್ತೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಸಿರಪ್ಪಿನಲ್ಲಿ ಈ ವಿಷದ ಮಿತಿ ಶೇ. 0.1. ತಮಿಳುನಾಡಿನ ಪ್ರಯೋಗಾಲಯ ಕಂಡದ್ದು ಶೇ. 48.6. ಹೆಚ್ಚುಕಡಿಮೆ ಅರ್ಧ ಬಾಟಲಿ ವಿಷ!

ಏಕೆ ಹೀಗಾಗುತ್ತದೆ? ಸಿರಪ್ಪಿಗೆ ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಬೇಕು. ಡೈಎಥಿಲೀನ್ ಗ್ಲೈಕಾಲ್ ನೋಡಲು ಹಾಗೆಯೇ ಇದೆ, ತಿಳಿಯಾಗಿದೆ, ಸಿಹಿಯಾಗಿದೆ, ಬೆಲೆ ಕಡಿಮೆ. ಕಾರ್ಖಾನೆಯ ಕೆಲಸಕ್ಕೆಂದು ಬಂದ ಪೀಪಾಯಿ ಮೋಸದಿಂದಲೋ ಅಸಡ್ಡೆಯಿಂದಲೋ ಮದ್ದಿನ ಕೋಣೆಗೆ ಬಂದರೆ ಕಣ್ಣು, ಮೂಗು, ನಾಲಿಗೆ ಮೂರೂ ಸೋಲುತ್ತವೆ. ಶೈಝರಿಯ ಮುಹ್ತಸಿಬನೂ ಇಲ್ಲಿ ಸೋಲುತ್ತಿದ್ದ.

ಆದರೆ ನಾವು ಸೋಲಬೇಕಾಗಿಲ್ಲ. ಇದನ್ನು ಹಿಡಿಯುವ ಪರೀಕ್ಷೆ ಕಷ್ಟದ್ದಲ್ಲ. ಶಾಲೆಯಲ್ಲಿ ಸೀಮೆಸುಣ್ಣದ ಬುಡಕ್ಕೆ ಶಾಯಿ ಹಚ್ಚಿ ನೀರಿನಲ್ಲಿ ನಿಲ್ಲಿಸಿದರೆ, ನೀರು ಏರಿದಂತೆ ಶಾಯಿಯ ಬಣ್ಣಗಳು ಬೇರೆ ಬೇರೆ ಎತ್ತರಕ್ಕೆ ಹೋಗಿ ನಿಲ್ಲುವುದನ್ನು ನೀವು ನೋಡಿರಬಹುದು. ಅದೇ ತತ್ವ. ಸಿಲಿಕಾ ಲೇಪಿಸಿದ ತಟ್ಟೆಯ ಬುಡದಲ್ಲಿ ಸ್ಯಾಂಪಲ್ಲಿನ ಒಂದು ಹನಿ, ಪಕ್ಕದಲ್ಲಿ ಶುದ್ಧ ವಸ್ತುವಿನ ಒಂದು ಹನಿ ಹಾಕಿ ದ್ರಾವಕದಲ್ಲಿ ನಿಲ್ಲಿಸುತ್ತಾರೆ. ಒಂದೊಂದು ವಸ್ತುವೂ ತನ್ನ ತನ್ನ ಎತ್ತರಕ್ಕೆ ಏರುತ್ತದೆ. ಮೋಸದ ವಸ್ತು ಬೇರೆ ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ. ಎಷ್ಟಿದೆ ಎಂದು ನಿಖರವಾಗಿ ಅಳೆಯಲು ಗ್ಯಾಸ್ ಕ್ರೊಮಟೋಗ್ರಫಿ ಯಂತ್ರವಿದೆ. ವಿದ್ಯೆ ಇದೆ, ಯಂತ್ರ ಇದೆ, ಕಾನೂನು ಇದೆ. ಪೀಪಾಯಿ ತೆರೆದಾಗ ಆ ಒಂದು ಹನಿಯನ್ನು ತಟ್ಟೆಯ ಮೇಲೆ ಹಾಕುವ ಕೈ ಮಾತ್ರ ಇಲ್ಲದೇ ಹೋಗುತ್ತದೆ.

ಕನ್ನಡ ನಾಡೂ ಇದರಿಂದ ಹೊರಗಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದು ರಾಜ್ಯ ಸರಕಾರ ಆ ಕಂಪೆನಿಯ ದ್ರಾವಣದ ಬಳಕೆ ನಿಲ್ಲಿಸಿತು. ಆ ದ್ರಾವಣದ ಬ್ಯಾಚುಗಳ ವಿಷಯದಲ್ಲಿ ಅದಕ್ಕೂ ಮೊದಲೇ ರಾಜ್ಯದ ಪ್ರಯೋಗಾಲಯದ ವರದಿ ಒಂದು ಹೇಳಿದರೆ ಕೇಂದ್ರದ ಪ್ರಯೋಗಾಲಯದ ವರದಿ ಇನ್ನೊಂದು ಹೇಳಿತ್ತು. ಹಾಲೂಡಬೇಕಾದ ಮಗುವನ್ನು ತೊಟ್ಟಿಲಲ್ಲಿ ಬಿಟ್ಟು ಹೋದ ತಾಯಿಗೆ ಈ ಎರಡು ವರದಿಗಳಿಂದ ಏನು ಪ್ರಯೋಜನ?

ನಾವೇನು ಮಾಡಬಹುದು?

ಓದುಗರೇ, ಕೊನೆಯದಾಗಿ ಎರಡು ಮಾತು. ಮೊದಲನೆಯದು ತಂದೆ ತಾಯಿಯರಿಗೆ. ಮದ್ದಿಗೆ ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿ ಬ್ಯಾಚ್ ನಂಬರ್ ಇದೆಯೇ ನೋಡಿ. ಮದ್ದು ಮುಗಿಯುವವರೆಗೆ ಬಾಟಲಿ ಎಸೆಯಬೇಡಿ. ಛಿಂದ್ವಾಡಾದ ನಂತರ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹೇಳಿದ್ದನ್ನು ನೆನಪಿಡಿ: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಕೊಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಅದು ಸಲ್ಲದು. ಮಕ್ಕಳ ಹೆಚ್ಚಿನ ಕೆಮ್ಮು ತಾನಾಗಿಯೇ ಗುಣವಾಗುತ್ತದೆ. ಮದ್ದು ಕುಡಿದ ಮಗು ಮೂತ್ರ ಮಾಡುವುದು ಕಡಿಮೆಯಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಎರಡನೆಯದು ವಿದ್ಯಾರ್ಥಿಗಳಿಗೆ. ಪಿ.ಯು.ಸಿ. ವಿಜ್ಞಾನ ಓದುವ ನಮ್ಮ ಮಕ್ಕಳಲ್ಲಿ ಬಹುತೇಕರ ಕನಸು ಡಾಕ್ಟರ್ ಇಲ್ಲವೇ ಇಂಜಿನಿಯರ್. ಒಳ್ಳೆಯದೇ. ಆದರೆ ಬಿ.ಫಾರ್ಮಾ ಓದಿ ಔಷಧ ಇನ್ಸ್‌ಪೆಕ್ಟರ್ ಆಗುವವರು, ರಸಾಯನಶಾಸ್ತ್ರ ಓದಿ ಪ್ರಯೋಗಾಲಯದಲ್ಲಿ ಆ ಒಂದು ಹನಿಯನ್ನು ತಟ್ಟೆಯ ಮೇಲೆ ಹಾಕುವವರು ಬೇಕು. ಅವರ ಹೆಸರು ಯಾರಿಗೂ ಗೊತ್ತಾಗದು, ಉಳಿಸಿದ ಮಕ್ಕಳು ಯಾರೆಂದು ಅವರಿಗೂ ಗೊತ್ತಾಗದು. ಒಂದು ದಿನ ಅವರ ಮೇಜಿಗೆ ಒಂದು ಕಡತ ಬರುತ್ತದೆ. 'ಎಲ್ಲ ಸರಿಯಿದೆ, ಸಹಿ ಹಾಕಿ' ಎಂಬ ಒತ್ತಡವೂ ಬರುತ್ತದೆ. 'ಪರೀಕ್ಷಿಸದೆ ನನಗೆ ಗೊತ್ತಿಲ್ಲ' ಎಂದು ಹೇಳುವ ಧೈರ್ಯ ಆ ಹೊತ್ತಿನಲ್ಲಿ ಇದ್ದರೆ ಸಾಕು.

ಈಗ ಆ ಬಾಟಲಿಯನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳಿ. ಆ ಸಣ್ಣ ಅಕ್ಷರಗಳ ಒಂದೊಂದು ಸಾಲಿನ ಹಿಂದೆಯೂ ಯಾರದೋ ಮನೆಯ ಮಗು ಇದೆ. ಇನ್ನು ಮುಂದೆ ಅವನ್ನು ಓದದೆ ಬಿಡಬೇಡಿ.